ಶನಿವಾರದ ಸೀಮೆಎಣ್ಣೆ

ಮೊಳದುದ್ದದ ಆ ರಬ್ಬರ್ ಪೈಪಿನ ತುಂಡು ಮೂರು ದಿನದಿಂದ ಮೇಜಿನ ಮೇಲೆ ಬಿದ್ದಿತ್ತು. ಅದು ಯಾಕೆ ಒಡೆಯಿತು ಎನ್ನುವುದು ಅವನಿಗೆ ಮೊದಲ ದಿನವೇ, ಚೀಲದಿಂದ ತೆಗೆದು ಬೆರಳಲ್ಲಿ ಬಗ್ಗಿಸಿ ನೋಡಿದಾಗಲೇ ಗೊತ್ತಾಗಿಹೋಗಿತ್ತು. ಗೊತ್ತಾದದ್ದನ್ನು ಮುಂದೂಡಲು ಎಷ್ಟೊಂದು ಪರೀಕ್ಷೆಗಳಿವೆ ಎಂದು ಪರೀಕ್ಷಾಲಯದ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನು ಯಾವತ್ತೂ ಲೆಕ್ಕ ಹಾಕಿರಲಿಲ್ಲ. ಗಡಸುತನ ಅಳೆದದ್ದಾಯಿತು. ಪಟ್ಟಿ ಕತ್ತರಿಸಿ ಯಂತ್ರದ ದವಡೆಗೆ ಸಿಕ್ಕಿಸಿ ಹರಿಯುವವರೆಗೂ ಎಳೆದದ್ದಾಯಿತು. ರಬ್ಬರಿನ ನಡುವಿನ ನೂಲಿನ ಹೆಣಿಗೆಯನ್ನು ಬಿಡಿಸಿ ಎಳೆ ಎಣಿಸಿದ್ದೂ ಆಯಿತು. ಎಲ್ಲವನ್ನೂ ಕೆಮಿಸ್ಟ್ ಹುಡುಗಿ ದುಂಡಗಿನ ಅಕ್ಷರದಲ್ಲಿ ಬರೆದಿಟ್ಟಿದ್ದಳು. ಬರೆಯುವಾಗ ಅವಳು ಮೂಗಿನಲ್ಲೇ ಏನನ್ನೋ ಗುನುಗುತ್ತಿದ್ದಳು. ಅದಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ. ಎರಡು ವರ್ಷದಿಂದ ಕಿವಿಗೇ ಬೀಳದ ಆ ಗುನುಗು ಈ ಮೂರು ದಿನದಿಂದ ತಲೆಯೊಳಗೆ ಸೊಳ್ಳೆ ಹೊಕ್ಕ ಹಾಗೆ ಕಾಡುತ್ತಿತ್ತು. ಇನ್ನೇನು ಉಳಿದಿದೆ ಸಾರ್ ಎಂದು ಅವಳು ಕೇಳಿದಾಗ, ಎಣ್ಣೆಯಲ್ಲಿ ನೆನೆಸಿ ಎಷ್ಟು ಉಬ್ಬುತ್ತದೆ ನೋಡಬೇಕು ಎಂದ. ಅದಕ್ಕೆ ಇನ್ನೂ ಮೂರು ದಿನ ಹಿಡಿಯುತ್ತದಲ್ಲ ಎಂದಳು. ಹಿಡಿಯಲಿ, ನಿನಗೇನು ಮದುವೆ ಮುಹೂರ್ತ ಮೀರಿಹೋಗುತ್ತದಾ ಎಂದು ಸಿಡುಕಿದ. ಗುನುಗು ನಿಂತಿತು. ನಿಂತದ್ದೂ ಅವನಿಗೆ ಸಹ್ಯವಾಗಲಿಲ್ಲ.

ಒಂಬತ್ತು ದಿನದ ಹಿಂದೆ ಎರಕದ ಕಾರ್ಖಾನೆಯೊಂದರಲ್ಲಿ, ಲೋಹ ಹೊಯ್ಯುವ ಪಾತ್ರೆಯನ್ನು ಕಾಯಿಸುವ ಬರ್ನರಿಗೆ ಗ್ಯಾಸು ಒಯ್ಯುತ್ತಿದ್ದ ಈ ಪೈಪು ಬಾಯಿಬಿಟ್ಟಿತ್ತು. ಬರ್ನರಿನವನ ಎರಡೂ ಕೈ, ಕುತ್ತಿಗೆ, ಒಂದು ಕಿವಿ ಸುಟ್ಟು ಅವನು ಆಸ್ಪತ್ರೆಯಲ್ಲಿ ಮಲಗಿದ್ದ. ತಪ್ಪು ಆ ಪೈಪು ಮಾಡಿದವರದೋ, ತಂದು ಹಾಕಿದವರದೋ, ಹಿಡಿದು ದುಡಿದವನದೋ ಎಂದು ವರದಿಯ ಕೊನೆಯಲ್ಲಿ ಒಂದು ಸಾಲು ಬರೆಯಬೇಕಾದವನು ಇವನು. ಬಳಸಿದವನ ಅಜಾಗರೂಕತೆ ಎಂದು ಬರೆದರೆ ಬರ್ನರಿನವನ ಕೆಲಸ ಹೋಯಿತು, ಕಾರ್ಖಾನೆ ಕೊಡಿಸಿದ ಆಸ್ಪತ್ರೆಯ ಮಂಚವೂ ಹೋಯಿತು. ಹಾಗೆ ಬರೆಯುವುದು ಸುಳ್ಳೂ ಆಗುತ್ತಿರಲಿಲ್ಲ. ಪೈಪನ್ನು ಹಾಳುಮಾಡಿದ್ದು ಆ ಮನುಷ್ಯನ ಕೈಯೇ. ಆ ಕೈಗೆ ಹೇಳಿಕೊಟ್ಟವನು ಯಾರು ಎನ್ನುವುದನ್ನು ವರದಿಯ ನಮೂನೆಯಲ್ಲಿ ಯಾವ ಅಂಕಣವೂ ಕೇಳುತ್ತಿರಲಿಲ್ಲ. ಈ ಕಡತ ಬಂದ ದಿನ, ನಾನು ಆ ಕಾರ್ಖಾನೆಗೆ ತಪಾಸಣೆಗೆ ಹೋಗಿದ್ದವನು, ಬೇರೆಯವರಿಗೆ ಕೊಡಿ ಎಂದು ದೊಡ್ಡ ಸಾಹೇಬರಿಗೆ ಒಂದು ಮಾತು ಹೇಳಬಹುದಿತ್ತು. ಹೇಳಲು ಎದ್ದೂ ಹೋಗಿದ್ದ. ಅವರು ಫೋನಿನಲ್ಲಿದ್ದರು; ಕಣ್ಣೆತ್ತದೆ, ಆಮೇಲೆ ಎನ್ನುವಂತೆ ಕೈ ಅಲ್ಲಾಡಿಸಿದರು, ತಟ್ಟೆಯ ಮೇಲಿನ ನೊಣ ಓಡಿಸಿದ ಹಾಗೆ. ವಾಪಸು ಬಂದು ಕೂತ. ಆಮೇಲೆ ಹೋಗಲಿಲ್ಲ.

ಬೆಳಗ್ಗೆ ತಿಂಡಿಯ ಹೊತ್ತಿಗೆ ಸರಿಯಾಗಿ ಭಾವ ಬಂದು ಕೂತಿದ್ದರು. ಅಕ್ಕನ ಗಂಡ, ಎರಡು ಬೀದಿ ಆಚೆಗೆ ಮನೆ, ಹೆಂಡತಿಯ ಕೈಯ ತಿಂಡಿಗಿಂತ ಭಾವಮೈದುನನ ಮನೆಯ ತಿಂಡಿಗೆ ರುಚಿ ಹೆಚ್ಚು. ಪೇಪರಿನಲ್ಲಿ ಕಾರ್ಖಾನೆಯ ಸುದ್ದಿ ಓದಿಕೊಂಡೇ ಬಂದಿದ್ದರು. “ಏನಪ್ಪಾ ರಬ್ಬರ್ ವೈದ್ಯ,” ಎಂದರು, “ರೋಗಿ ಸತ್ತಮೇಲೆ ನಾಡಿ ಹಿಡಿಯೋ ವೈದ್ಯ ಅಂದ್ರೆ ಲೋಕದಲ್ಲಿ ನೀನೊಬ್ಬನೇ ನೋಡು.” ಅವನ ಹೆಂಡತಿ ಒಲೆಯ ಕಡೆ ತಿರುಗಿ ನಕ್ಕಳು. ತಿರುಗಿದ್ದೇ ನಗುವುದಕ್ಕೆ ಎಂದು ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು. ಅವನು ತಟ್ಟೆಗೆ ಮುಖ ಹಾಕಿ ತಿಂದ. ಇಪ್ಪತ್ತು ವರ್ಷದಿಂದ ಭಾವನಿಗೆ ಒಂದು ಸಲವೂ ಎದುರಾಡಿದವನಲ್ಲ. ಅಲ್ಲಿ ನುಂಗಿದ್ದನ್ನು ಇನ್ನೆಲ್ಲೋ ಕಕ್ಕುವುದು ಅವನ ರೂಢಿ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬ ಗಾದೆ ಕಟ್ಟಿದವರು ಅವನನ್ನು ನೋಡಿಯೇ ಕಟ್ಟಿರಬೇಕು. ಈವತ್ತಿನ ಕೊತ್ತಿ ಕಚೇರಿಯ ಗೇಟಿನವನಾದ: ಸಲಾಮು ಹೊಡೆಯುವಾಗ ಟೋಪಿ ಓರೆಯಾಗಿತ್ತೆಂದು ಅವನನ್ನು ಗದರಿಸಿದ. ಆ ಮುದುಕ ಟೋಪಿ ನೆಟ್ಟಗೆ ಮಾಡಿಕೊಂಡ. ಮೆಟ್ಟಿಲು ಹತ್ತುವಾಗ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು, ಹೇಸಿಗೆಯಾದದ್ದಕ್ಕೆ ಮುದುಕನ ಮೇಲೆ ಇನ್ನಷ್ಟು ಸಿಟ್ಟು ಬಂತು.

ಮಸೂರದ ಕೆಳಗೆ ಪೈಪಿನ ಮೈ ಬಿಸಿಲಿಗೆ ಬಿರಿದ ಕೆರೆಯಂಗಳದ ಹಾಗಿತ್ತು. ಬಿರುಕುಗಳೆಲ್ಲ ಅಡ್ಡಡ್ಡ, ಪೈಪು ಬಾಗಿದ್ದ ಕಡೆಯೇ ಹೆಚ್ಚು. ಕೆಲವು ಕೂದಲೆಳೆಯಷ್ಟು, ಕೆಲವು ನೂಲಿನ ತನಕ ಇಳಿದು ನೂಲನ್ನು ಬಯಲಿಗೆ ಹಾಕಿದ್ದವು. ನೆಲಕ್ಕೆ ಉಜ್ಜಿ ಉಜ್ಜಿ ನೂಲು ಸವೆದು, ಒಳಗಿನ ಪದರ ಒಂಟಿಯಾಗಿ ಎಷ್ಟು ದಿನ ತಡೆಯಲು ಸಾಧ್ಯವೋ ಅಷ್ಟು ದಿನ ತಡೆದು, ಒಂದು ಮಧ್ಯಾಹ್ನ ಕೈಬಿಟ್ಟಿತ್ತು. ಮೋಟಾರುಗಳ, ವೆಲ್ಡಿಂಗಿನ ಕಿಡಿಗಳಿಂದ ಗಾಳಿಯಲ್ಲಿ ಹುಟ್ಟುವ ಓಜೋನು ರಬ್ಬರನ್ನು ಹೀಗೆ ತಿನ್ನುತ್ತದೆ. ತಿನ್ನದ ಹಾಗೆ ಕಾಯುವುದು ಮೇಣ. ರಬ್ಬರು ಕಲಸುವಾಗಲೇ ಮೇಣ ಸೇರಿಸಿರುತ್ತಾರೆ. ಅದು ಒಳಗಿನಿಂದ ಮೆಲ್ಲಮೆಲ್ಲಗೆ ಮೇಲಕ್ಕೆ ಬಂದು ಮೈಮೇಲೆ ಬೂದಿ ಬಳಿದ ಹಾಗೆ ಬೆಳ್ಳಗೆ ಕೂರುತ್ತದೆ. ನೋಡುವವರಿಗೆ ಕೊಳೆ. ಒರೆಸಿದರೆ ಮತ್ತೆ ಬರುತ್ತದೆ, ಒಳಗೆ ಇರುವವರೆಗೂ ಬರುತ್ತದೆ. ತರಬೇತಿಯ ಮೊದಲ ವಾರ ಬೊಕ್ಕತಲೆಯ ಮೇಷ್ಟರೊಬ್ಬರು ಹಳೇ ಟಯರಿನ ತುಂಡು ಎತ್ತಿ ಹಿಡಿದು, ಇದು ರಬ್ಬರು ತಾನೇ ನೇಯ್ದುಕೊಂಡ ಕಂಬಳಿ, ಕಿತ್ತುಕೊಳ್ಳಬೇಡಿ ಕಣ್ರಯ್ಯಾ ಎಂದಿದ್ದರು. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಿದ್ದಿತ್ತು. ಅವನಿಗೆ ಪೂರ್ತಿ ಅಂಕ ಬಂದಿತ್ತು. ಈ ತುಂಡಿನಲ್ಲಿ ಮೇಣದ ಸುಳಿವೇ ಇರಲಿಲ್ಲ. ಬಟ್ಟೆಯಿಂದ ತಿಕ್ಕಿ ತಿಕ್ಕಿ ಕಿತ್ತಳೆ ಬಣ್ಣ ಇನ್ನೂ ಹೊಳೆಯುತ್ತಿತ್ತು.

ಹದಿನಾಲ್ಕು ತಿಂಗಳ ಹಿಂದೆ ಆ ಕಾರ್ಖಾನೆಯ ಮ್ಯಾನೇಜರು ಅವನನ್ನು ಬಾಗಿಲಾಚೆಯ ಬೆಂಚಿನ ಮೇಲೆ ಒಂದು ಗಂಟೆ ಕೂರಿಸಿದ್ದ. ಒಳಗಿನಿಂದ ನಗು, ಲೋಟಗಳ ಸದ್ದು. ಬೆಂಚಿನ ಇನ್ನೊಂದು ತುದಿಯಲ್ಲಿ ಗುಜರಿ ಕೊಳ್ಳುವವನೊಬ್ಬ ಕೂತಿದ್ದು, ಮೊದಲು ಅವನನ್ನು ಕರೆದರು. ಕೊನೆಗೆ ಇವನನ್ನು ಕರೆದಾಗ ಮ್ಯಾನೇಜರು, ಓ, ನೀವು ಬಂದಿದ್ರಾ, ಯಾರೂ ಹೇಳಲೇ ಇಲ್ಲ ಎಂದ. ಷೆಡ್ಡಿಗೆ ಜತೆಗೆ ಬರಲಿಲ್ಲ, ಮೇಸ್ತ್ರಿಯನ್ನು ಕಳಿಸಿದ. ಅಂತೂ ಕಾರ್ಖಾನೆಯ ತಪಾಸಣೆಯ ಪುಸ್ತಕ ಕಂಕುಳಲ್ಲಿಟ್ಟು, ಕತ್ತು ನೆಟ್ಟಗೆ ಮಾಡಿ, ಇಡೀ ಷೆಡ್ಡು ತನ್ನದೇ ಎನ್ನುವ ಹಾಗೆ ಅವನು ನಡೆದ. ನಾಲ್ಕು ಹೆಜ್ಜೆ. ಐದನೆಯದು ಈ ಪೈಪಿಗೆ ಸಿಕ್ಕಿ ಎರಡೂ ಮೊಣಕಾಲೂರಿ ಕರಿ ಮರಳಿನಲ್ಲಿ ಬಿದ್ದ. ಸುತ್ತಿಗೆಗಳು ನಿಂತವು. ಆ ಮೌನದಲ್ಲಿ ಒಬ್ಬ ಬಾಯ್ತುಂಬ ನಕ್ಕ. ಬರ್ನರಿನವನು, ಐವತ್ತು ದಾಟಿದ ಮನುಷ್ಯ, ಷೆಡ್ಡಿನಲ್ಲಿ ಎಲ್ಲರೂ ಅವನನ್ನು ಮಾವ ಎನ್ನುತ್ತಿದ್ದರು, ಮೇಸ್ತ್ರಿ ಕೂಡ. ನಗುತ್ತಲೇ ಬಂದು ಕೈ ಚಾಚಿದ. “ಏಳಿ ಸಾರ್. ನೆಲ ಎಲ್ಲಿಗೂ ಓಡಿಹೋಗಲ್ಲ, ಮೆಲ್ಲಗೆ ಬನ್ನಿ.” ಆಮೇಲೆ ಎಲ್ಲರೂ ನಕ್ಕರು. ಅದರಲ್ಲಿ ವಿಷವೇನೂ ಇರಲಿಲ್ಲ. ಈಗ ನೆನೆದರೆ ಆ ಕೈಯನ್ನು ಹಿಡಿದು ಎದ್ದು ತಾನೂ ನಕ್ಕಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು. ಅವನು ಹಿಡಿಯಲಿಲ್ಲ. ತಾನೇ ಎದ್ದು, ಪ್ಯಾಂಟು ಕೊಡವಿ, ಬರ್ನರಿನ ಹತ್ತಿರ ನಿಂತು ತಪ್ಪು ಹುಡುಕತೊಡಗಿದ. ಕೀಲು ಸರಿ. ಬಿಗಿಪಟ್ಟಿ ಸರಿ. ಕವಾಟ ಸರಿ. ಪೈಪಿನ ಮೇಲಿನ ತಾರೀಖೂ ಸರಿ. ಹಾಳಾದದ್ದು, ಎಲ್ಲಾ ಸರಿ. ಮಾವ ಕೈಕಟ್ಟಿಕೊಂಡು, ತನ್ನ ಮನೆ ತೋರಿಸುವವನ ಹಾಗೆ ನಿಂತಿದ್ದ. ಪೈಪಿನ ಮೇಲೆ ಬೆಳ್ಳನೆಯ ಪೊರೆಯೊಂದು ಕಂಡಿತು. ಏನ್ರೀ ಇದು ಬೂಷ್ಟು, ನಿಮ್ಮ ಮುಖಾನೂ ಹೀಗೇ ಇಟ್ಕೋತೀರಾ ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದ. ಮಾವನ ಮುಖ ಸಣ್ಣಗಾಯಿತು. ಇವನು ಪುಸ್ತಕ ತೆರೆದು ಬರೆದ: ‘ಗ್ಯಾಸಿನ ಪೈಪುಗಳು ಕೊಳಕಾಗಿವೆ. ಬಿಳಿ ಪೊರೆ ಪೂರ್ತಿ ಹೋಗುವಂತೆ ವಾರಕ್ಕೊಮ್ಮೆ ಒರೆಸತಕ್ಕದ್ದು.’ ರುಜು ಹಾಕಿದ. ಬರೆಯುವಾಗ ಅದು ಮೇಣ ಎಂದು ಗೊತ್ತಿತ್ತು. ಗೊತ್ತಿದ್ದದ್ದು ಒಂದು ಕಡೆ ಇತ್ತು, ಪೆನ್ನು ಇನ್ನೊಂದು ಕಡೆ ಓಡಿತು. ಇಂಥ ಪುಸ್ತಕ ಯಾರು ಓದುತ್ತಾರೆ ಎಂದುಕೊಂಡ. ಮಾವನ ಸಣ್ಣಗಾದ ಮುಖ ನೋಡಿ, ನಿಜ ಹೇಳಬೇಕೆಂದರೆ, ಹೊಟ್ಟೆ ತಣ್ಣಗಾಗಿತ್ತು.

ಸಾರ್ ಎಂದು ಹುಡುಗಿ ಕರೆದಳು. ತುಂಡನ್ನು ಮೂಗಿನ ಹತ್ತಿರ ಹಿಡಿದಿದ್ದಳು. ಅವಳಿಗೆ ಅದರಲ್ಲಿ ಸೀಮೆಎಣ್ಣೆಯ ವಾಸನೆ ಬಂದಿತ್ತು. ಒಂದು ಚೂರನ್ನು ಕಾಯಿಸಿ, ಹೊರಬಿದ್ದ ಆವಿಯನ್ನು ಯಂತ್ರಕ್ಕೆ ಕೊಟ್ಟು ನೋಡಿದ್ದಳು, ಅದೂ ಹೌದೆಂದಿತ್ತು. ಅವಳ ಕೆನ್ನೆ ಸಂತೋಷದಿಂದ ಕೆಂಪಾಗಿತ್ತು, ಮೂರು ದಿನದ ಒಗಟು ಬಿಡಿಸಿದ ಸಂತೋಷ. ಯಾರೋ ಮೇಣವನ್ನು ತಾವಾಗಿಯೇ ತೆಗೆದಿದ್ದಾರೆ ಸಾರ್ ಎಂದಳು. ಒಂದೆರಡು ಸಲ ಅಲ್ಲ, ಒಳಗಿನ ಮೇಣ ಬರಿದಾಗುವವರೆಗೂ, ತಿಂಗಳುಗಟ್ಟಲೆ. ಸೀಮೆಎಣ್ಣೆ ಒಳಕ್ಕೂ ಇಳಿದು ರಬ್ಬರನ್ನು ಮೆತ್ತಗೆ ಮಾಡಿದೆ. ಅಷ್ಟು ಶ್ರದ್ಧೆಯಿಂದ ಪೈಪು ಹಾಳುಮಾಡುವವರು ಯಾರಿರ್ತಾರೆ ಸಾರ್, ಹುಚ್ಚರು ಎಂದು ನಕ್ಕಳು. ಅವನು ನಗಲಿಲ್ಲ. ವಾಸನೆ ನೋಡುವುದು ಪರೀಕ್ಷೆಯಲ್ಲ, ನಾಯಿಯೂ ನೋಡುತ್ತೆ ಎಂದ. ಅವಳು ತುಂಡನ್ನು ಮೇಜಿನ ಮೇಲಿಟ್ಟು, ಕೈ ತೊಳೆದುಕೊಂಡು ಬಂದು, ನಾಯಿ ಅನ್ನಿಸಿಕೊಳ್ಳೋದಕ್ಕೆ ನಾನು ಕೆಲಸಕ್ಕೆ ಬಂದಿಲ್ಲ ಸಾರ್ ಎಂದು ಮೆಲ್ಲಗೆ ಹೇಳಿ, ಯಂತ್ರ ಕೊಟ್ಟ ಕಾಗದವನ್ನು ಕಡತದಲ್ಲಿ ಸೇರಿಸಿ, ಕೆಳಗೆ ತನ್ನ ಸಹಿ, ತಾರೀಖು ಹಾಕಿದಳು. ಇನ್ನು ಆ ಕಾಗದವನ್ನು ಅವನೊಬ್ಬನೇ ತೆಗೆಯುವಂತಿರಲಿಲ್ಲ.

ಮಧ್ಯಾಹ್ನಕ್ಕೆ ಮೊದಲೇ ಮೇಸ್ತ್ರಿ ಬಂದ. ಬರುವುದಾಗಿ ಹೇಳಿರಲಿಲ್ಲ. ಎಣ್ಣೆ ಹಾಕಿ ಬಾಚಿದ ತಲೆ, ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ತಪಾಸಣೆಯ ಪುಸ್ತಕ. ಕೂರಿ ಎನ್ನುವ ಮೊದಲೇ ಕೂತ. ಗಾಯಾಳುವಿನ ಹೇಳಿಕೆ ಬರೆದುಕೊಳ್ಳಬೇಕಲ್ಲ, ಡಾಕ್ಟರು ಈವತ್ತು ಬರೆದುಕೊಳ್ಳಬಹುದು ಅಂದಿದ್ದಾರೆ, ಕಾರು ತಂದಿದ್ದೇನೆ ಎಂದ. ಪುಸ್ತಕವನ್ನು ಮೇಜಿನ ಮೇಲೆ, ಪೈಪಿನ ತುಂಡಿನ ಪಕ್ಕದಲ್ಲಿ ಇಟ್ಟು, ತೆರೆಯದೆ ಅದರ ಮೇಲೆ ಅಂಗೈ ಇಟ್ಟುಕೊಂಡ. ನಿಮ್ಮ ಅಕ್ಷರ ಬಹಳ ಚೆನ್ನಾಗಿದೆ ಸಾರ್, ಓದು ಬಾರದವರಿಗೂ ಅರ್ಥವಾಗುತ್ತೆ ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಇವನು ಯಾವ ಪುಟ ಎಂದು ಕೇಳಿಬಿಟ್ಟ. ಮೇಸ್ತ್ರಿ ನಕ್ಕ. ಮಾವ ಶುದ್ಧ ಒರಟ ಸಾರ್, ಹೇಳಿದ್ದೊಂದು ಮಾಡೋದೊಂದು, ಸೀಮೆಎಣ್ಣೆ ಹಾಕಿ ತಿಕ್ಕು ಅಂತ ಯಾರು ಹೇಳಿದ್ದರು ಹೇಳಿ ಎಂದು ತಾನೇ ಕೇಳಿ ತಾನೇ ತಲೆಯಾಡಿಸಿದ. ಅದೂ ನಿಜವೇ; ಪುಸ್ತಕದಲ್ಲಿ ಸೀಮೆಎಣ್ಣೆ ಇರಲಿಲ್ಲ. ಆ ಒಂದು ಶಬ್ದ ಇಲ್ಲದಿರುವುದು ಅವನಿಗೆ ಎಷ್ಟು ದೊಡ್ಡ ನೆರಳಾಗಿ ಕಂಡಿತೆಂದರೆ, ಒಂದು ಗಳಿಗೆ ಅದರಡಿ ನಿಂತೂಬಿಟ್ಟ. ಮಾವನೊಂದಿಗೆ ಮಾತಾಡಿಯಾಗಿದೆ ಎಂದ ಮೇಸ್ತ್ರಿ. ಆಮೇಲೆ ದನಿ ತಗ್ಗಿಸಿದ. “ಪುಸ್ತಕ ಎಲ್ಲಿ ಇಡ್ಬೇಕು ಅಂತ ನಮಗೆ ಗೊತ್ತು ಸಾರ್. ವರದೀಲಿ ಏನು ಬರೀಬೇಕು ಅಂತ ನಿಮಗೆ ಗೊತ್ತು. ಒಬ್ಬರ ಗಾಯ ಒಬ್ಬರು ಯಾಕೆ ಕೆರಿಬೇಕು?”

ಹುಡುಗಿ ಆಚೆ ಮೇಜಿನಲ್ಲಿ ತಲೆತಗ್ಗಿಸಿ ಬರೆಯುತ್ತಿದ್ದಳು. ಗುನುಗು ಇರಲಿಲ್ಲ. ಎಲ್ಲ ಕೇಳಿಸಿಕೊಂಡಿದ್ದಾಳೆ, ಕೇಳಿಸಿಕೊಳ್ಳಲಿ ಎಂದೇ ಈ ಬೇಕೂಫ ಇಲ್ಲಿ ಬಂದು ಹೇಳುತ್ತಿದ್ದಾನೆ ಎಂದುಕೊಂಡ. ಎದ್ದು ಕತ್ತಿನ ಪಟ್ಟಿ ಹಿಡಿದು ಹೊರಗೆ ಹಾಕಬೇಕು ಎನಿಸಿತು. ಎದ್ದ, ಕಡತ ತೆಗೆದುಕೊಂಡ, ಅವನ ಹಿಂದೆ ಹೋಗಿ ಕಾರಿನಲ್ಲಿ ಕೂತ. ದಾರಿಯುದ್ದಕ್ಕೂ ಮೇಸ್ತ್ರಿ ಮುಂದಿನ ಸೀಟಿನಿಂದ ಹಿಂದೆ ತಿರುಗಿ ತನ್ನ ಮಗಳ ಓದು, ಮೊಣಕಾಲು ನೋವು, ಹೊಸದಾಗಿ ಹಾಕಿಸಿದ ಹಲ್ಲಿನ ಸಮಾಚಾರ ಹೇಳಿದ. ಅವನು ಹೂಂ ಎನ್ನುತ್ತಿದ್ದ. ಹೂಂ ಎಂದಾಗಲೆಲ್ಲ ತಾನು ಇವನ ಮನೆಯ ಮಂದಿಯಾಗುತ್ತಿದ್ದೇನೆ ಎನಿಸುತ್ತಿತ್ತು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತ ಗಾಡಿಯವನೊಬ್ಬ ಒಳಕ್ಕೆ ಬಗ್ಗಿ ನೋಡಿದ. ಅವನನ್ನೂ ದ್ವೇಷಿಸಿದ. ಆಸ್ಪತ್ರೆಯಲ್ಲಿ ಮೂರನೇ ಮಹಡಿಯ ಸುಟ್ಟಗಾಯದ ವಾರ್ಡಿಗೆ ಹೋಗುವ ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತುವಾಗ, ಆ ಮನುಷ್ಯ ನನ್ನನ್ನು ಬೈಯಲಿ, ಉಗಿಯಲಿ, ಬೈದರೆ ಅದನ್ನೇ ಬರೆದುಕೊಂಡುಬಿಡುತ್ತೇನೆ, ಆಮೇಲೆ ಏನಾಗುತ್ತದೋ ಆಗಲಿ ಎಂದು ನಿಶ್ಚಯಿಸಿದ. ನಿಶ್ಚಯಿಸಿದ್ದಕ್ಕೆ ತನ್ನ ಬಗ್ಗೆ ಸ್ವಲ್ಪ ಗೌರವವೂ ಹುಟ್ಟಿತು.

ಮಾವನ ಎರಡು ಕೈಗಳೂ ಮೊಣಕೈವರೆಗೆ ಬಿಳಿ ಬಟ್ಟೆಯ ಮೂಟೆಗಳಾಗಿದ್ದವು. ಕುತ್ತಿಗೆಗೂ ಕಟ್ಟಿತ್ತು. ಮುಖ ಮಾತ್ರ ಅದೇ ಮುಖ. ಹೆಂಡತಿ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಬಂದವರನ್ನು ನೋಡಿ ಅವಳು ಏಳಲಿಲ್ಲ, ಸೆರಗು ಸರಿಮಾಡಿಕೊಳ್ಳಲಿಲ್ಲ. ಉಳಿದ ನಾಲ್ಕು ಚಮಚ ಕುಡಿಸಿ, ಬಾಯಿ ಒರೆಸಿ, ಲೋಟ ಕೆಳಗಿಟ್ಟು, ಆಮೇಲೆ ತಲೆಯೆತ್ತಿದಳು. ಅಷ್ಟು ಹೊತ್ತೂ ಅವನು ಕಡತ ಹಿಡಿದುಕೊಂಡು ನಿಂತಿದ್ದ. ಸಾಹೇಬರು ಬಂದಿದ್ದಾರೆ ಮಾವ ಎಂದು ಮೇಸ್ತ್ರಿ ಹೇಳಿದ, ಮದುವೆಗೆ ಬಂದವರನ್ನು ಪರಿಚಯಿಸುವ ದನಿಯಲ್ಲಿ. ಮಾವ ಅವನ ಕಡೆ ಕಣ್ಣು ಹೊರಳಿಸಿದ. “ಅವತ್ತು ನಾನು ನಗಬಾರದಿತ್ತು ಸಾರ್,” ಎಂದ.

ಯಾವತ್ತು ಎಂದು ಅವನು ಕೇಳಿದ. ಕೇಳಿದ ತಕ್ಷಣ ನಾಚಿಕೆಯಾಯಿತು. ಮಾವ ಹೇಳಿದ, ಬಿಡಿಸಿ ಬಿಡಿಸಿ: ನೀವು ಬಿದ್ದಾಗ ಸಾರ್, ನಗು ತಡೆಯೋಕಾಗಲಿಲ್ಲ, ನನ್ನ ಬಾಯೇ ಹಾಗೆ, ಇವಳೂ ಬೈತಿರ್ತಾಳೆ, ನಿಮಗೆ ಸಿಟ್ಟು ಬಂತು, ಬರಬೇಕಾದ್ದೇ, ಆದರೂ ಸಿಟ್ಟಲ್ಲೂ ನೀವು ಸುಳ್ಳು ಹೇಳಲಿಲ್ಲ, ಪೈಪು ಕೊಳೆಯಾಗಿತ್ತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೇ. ಮೂವತ್ತು ವರ್ಷದಲ್ಲಿ ನನ್ನ ಬರ್ನರಿಗೆ ಒಬ್ಬರೂ ಹೆಸರಿಟ್ಟಿರಲಿಲ್ಲ, ಅವಮಾನ ಆಯಿತು ಎಂದ. ಅವತ್ತಿನಿಂದ ಪ್ರತಿ ಶನಿವಾರ ಕೆಲಸ ಬಿಟ್ಟಮೇಲೆ ಕೂತು ಒರೆಸುತ್ತಿದ್ದನಂತೆ. ಮೊದಲು ಸೋಪಿನ ನೀರು. ಶನಿವಾರ ಒರೆಸಿದರೆ ಬುಧವಾರಕ್ಕೆ ಮತ್ತೆ ಬೆಳ್ಳಗೆ. ಆಮೇಲೆ ಸೀಮೆಎಣ್ಣೆ. ಹೇಳುತ್ತ ಹೇಳುತ್ತ ಮಾವನಿಗೆ ಹುಮ್ಮಸ್ಸು ಬಂತು, ಕೆಲಸದ ಮಾತಾಡುವಾಗ ಕೆಲಸಗಾರರಿಗೆ ಬರುವ ಹಾಗೆ. ಮೂಟೆಯಾದ ಕೈಗಳನ್ನು ಒರೆಸುವವನಂತೆ ಆಡಿಸಲು ಹೋಗಿ ಹಲ್ಲು ಕಚ್ಚಿದ. “ಎಂಥಾ ಹಟಮಾರಿ ಅಂತೀರಿ ಸಾರ್ ಅದು. ಒರೆಸ್ತೀನಿ, ಬರುತ್ತೆ. ಒರೆಸ್ತೀನಿ, ಬರುತ್ತೆ. ಕೊನೆಕೊನೆಗೆ ಬರೋದೇ ನಿಂತುಹೋಯ್ತು. ಗೆದ್ದೆ ಅಂದ್ಕೊಂಡೆ ನಾನು.”

ಅಷ್ಟು ಸಾಕು ಮಾವ, ಅದೆಲ್ಲ ಸಾಹೇಬರಿಗೆ ಬೇಡ ಎಂದು ಮೇಸ್ತ್ರಿ ಅಡ್ಡ ಬಂದ. ಮಾವ ಮಾತು ನಿಲ್ಲಿಸಿ, ಪಾಠ ಒಪ್ಪಿಸುವ ದನಿಗೆ ಇಳಿದು, ಬರ್ಕೊಳ್ಳಿ ಸಾರ್, ಪೈಪು ಒರೆಸು ಅಂತ ನನಗೆ ಯಾರೂ ಹೇಳಿರಲಿಲ್ಲ, ನಾನೇ ನನ್ನ ಇಷ್ಟದಿಂದ ಒರೆಸಿದೆ ಎಂದ. ಅವನು ಮಂಚದ ಕಾಲ ಬಳಿಯ ಕಬ್ಬಿಣದ ಪೆಟ್ಟಿಗೆಯ ಮೇಲೆ ಕಡತ ಇಟ್ಟು ಬರೆಯತೊಡಗಿದ. ಹೆಸರು, ವಯಸ್ಸು, ಕೆಲಸ. ಬೈಗುಳಕ್ಕೆ ಸಿದ್ಧನಾಗಿ ಮೂರು ಮಹಡಿ ಹತ್ತಿ ಬಂದವನಿಗೆ ಈ ಮನುಷ್ಯ ಕ್ಷಮೆ ಕೇಳಿದ್ದ. ಅದು ಸಹಿಸಲಾಗದ್ದು. ಬೈದಿದ್ದರೆ ಎದುರು ಬೈಯಬಹುದಿತ್ತು, ಸಮಸಮವಾಗುತ್ತಿತ್ತು. ಪೆನ್ನು ಆ ಸಾಲಿಗೆ ಬಂದು ನಿಂತಿತು. ಮೇಸ್ತ್ರಿ ಕಿಟಕಿಯ ಹತ್ತಿರ ಹಲ್ಲಿನ ಸಂದಿಯಲ್ಲಿ ಏನನ್ನೋ ಕೀಳುತ್ತಿದ್ದ. ಅವನು ಬರೆದು ಮುಗಿಸಿ, ಗಾಯಾಳುವಿಗೆ ಓದಿಹೇಳಿ ಒಪ್ಪಿಗೆ ಪಡೆಯಬೇಕೆಂಬ ನಿಯಮದಂತೆ ಎದ್ದು ನಿಂತು ಗಟ್ಟಿಯಾಗಿ ಓದಿದ: ತಪಾಸಣೆಗೆ ಬಂದಿದ್ದ ಅಧಿಕಾರಿಯು, ಅಂದರೆ ಈ ಹೇಳಿಕೆಯನ್ನು ಬರೆದುಕೊಳ್ಳುತ್ತಿರುವವರೇ, ಬಿಳಿ ಪೊರೆ ಹೋಗುವಂತೆ ಒರೆಸಬೇಕೆಂದು ಹೇಳಿದ್ದರಿಂದ ನಾನು ಪ್ರತಿ ಶನಿವಾರ ಪೈಪನ್ನು ಒರೆಸಿದೆನು.

ಮೇಸ್ತ್ರಿಯ ಕೈ ಬಾಯಲ್ಲೇ ನಿಂತಿತು. ಓದಿದವನಿಗೆ ಎದೆ ಹಗುರಾಯಿತು, ಕಣ್ಣು ತುಂಬಿದ ಹಾಗೂ ಆಯಿತು. ಈಗ ಮಾವ ತನ್ನತ್ತ ನೋಡುತ್ತಾನೆ ಎಂದು ಕಾದ. ಮಾವ ನೋಡಿದ್ದು ಹೆಂಡತಿಯತ್ತ, ಗಾಬರಿಯಿಂದ. ನಾನು ಹಾಗೆ ಹೇಳಲಿಲ್ಲ ಸಾರ್ ಎಂದ. ನಿಜ ಅದೇ ಅಲ್ಲವಾ ಎಂದು ಇವನು ಕೇಳಿದ. ನಾನು ಹೇಳಲಿಲ್ಲ ಸಾರ್, ಬೇರೆ ಬರ್ಕೊಳ್ಳಿ, ನಾನು ಒಪ್ಪಲ್ಲ ಎಂದು ಮಾವ ಮತ್ತೆ ಮತ್ತೆ ಅದನ್ನೇ ಹೇಳಿದ. ಕೈಗೆ ಕಟ್ಟು ಇಲ್ಲದಿದ್ದರೆ ಮುಗಿಯುತ್ತಿದ್ದನೇನೋ. ನಿಮ್ಮ ಒಳ್ಳೆಯದಕ್ಕೇ ಬರೆದದ್ದು ಎಂದು ಇವನ ದನಿ ಏರಿತು. ಒಪ್ಪಿಕೋ ಎನ್ನುವಷ್ಟು ಏರಿತು. ಪಕ್ಕದ ಮಂಚದವರು ತಿರುಗಿ ನೋಡಿದರು. ಆಗ ಹೆಂಡತಿ ಎದ್ದಳು. ಸಾಹೇಬರ ಹೆಸರೆತ್ತಿದರೆ ಸಾಹೇಬರೇ ನಿನ್ನನ್ನು ಮುಗಿಸುತ್ತಾರೆ, ಸುಮ್ಮನಿದ್ದರೆ ಕನಿಕರ ತೋರಿಸುತ್ತಾರೆ ಎಂದು ಎರಡು ದಿನದಿಂದ ಈ ಮೇಸ್ತ್ರಿ ಇವರ ಕಿವಿ ಕಚ್ಚುತ್ತಿದ್ದಾನೆ ಎಂದಳು. ಈಗ ನೀವು ಬಂದು ಇವರ ಬಾಯಿಂದ ಬಾರದ ಮಾತು ಬರೆದು ಒಪ್ಪಿಕೋ ಅಂತೀರಿ; ನಾಳೆ ಅದನ್ನೇ ಹಿಡಿದು, ನೋಡಿ, ಅಧಿಕಾರಿ ಮೇಲೆ ತಪ್ಪು ಹೊರಿಸಿದ ಅಂತ ಯಾರಾದರೂ ಬಂದರೆ ನಾವು ಯಾರ ಕಾಲು ಹಿಡಿಯಬೇಕು ಎಂದಳು. ದನಿ ಏರಲಿಲ್ಲ. ಇದುವರೆಗೆ ಅವನನ್ನು ಯಾರೂ ಅಷ್ಟು ನೇರವಾಗಿ ನೋಡಿರಲಿಲ್ಲ. “ಸುಟ್ಟಿರೋದು ಇವರ ಕೈ. ನಿಮ್ಮ ಕೈಗೇನಾಗಿದೆ? ನಿಮ್ಮ ತಪ್ಪನ್ನ ಇವರ ಬಾಯಲ್ಲಿ ಯಾಕೆ ಹೇಳಿಸ್ತೀರಿ? ನೀವೇ ಬರೀರಿ.”

ಅವನು ಆ ಹಾಳೆಯನ್ನು ಹರಿದ. ತಪ್ಪು ಒಪ್ಪಿಕೊಳ್ಳುವುದನ್ನೂ ಇನ್ನೊಬ್ಬನ ತಲೆಗೆ ಕಟ್ಟಲು ಹೊರಟಿದ್ದೆ ಎನ್ನುವುದು ಅವಳು ಹೇಳಿದ ಮೇಲೆ ಅವನಿಗೆ ಹೊಳೆಯಿತು. ಅಷ್ಟು ಸುಲಭದ್ದು ತಾನಾಗಿಯೇ ಹೊಳೆಯದೆ ಹೋದದ್ದಕ್ಕೆ ಮೈಯೆಲ್ಲ ಉರಿಯಿತು. ಅವಳ ಮೇಲೂ ಉರಿಯಿತು. ಸಾರ್, ದುಡುಕಬೇಡಿ, ಕೆಳಗೆ ಹೋಗಿ ಮಾತಾಡೋಣ ಎಂದು ಮೇಸ್ತ್ರಿ ತೋಳು ಹಿಡಿದ. ತೋಳು ಕೊಡವಿದ. ಮೇಸ್ತ್ರಿ ಪುಸ್ತಕ ಎದೆಗೊತ್ತಿಕೊಂಡು, ಫೋನು ತೆಗೆಯುತ್ತ ವಾರ್ಡಿನಾಚೆ ಹೋದ. ಈ ಹೊತ್ತಿಗೆ ಆ ಪುಟ ಇದ್ದರೇನು, ಹೋದರೇನು. ಹೆಂಡತಿ ತನ್ನ ಸ್ಟೂಲನ್ನು ಕಾಲಿನಿಂದ ಅವನ ಕಡೆ ತಳ್ಳಿದಳು. ಅವನು ಕೂತು, ಹೊಸ ಹಾಳೆಯಲ್ಲಿ, ಗಾಯಾಳುವಿನ ಹೇಳಿಕೆ ಎಂಬ ತಲೆಬರಹವಿಲ್ಲದೆ, ಮೊದಲು ತನ್ನ ಹೆಸರು ಬರೆದ, ಹುದ್ದೆ ಬರೆದ. ಆಮೇಲೆ ಕೈ ನಿಲ್ಲಲಿಲ್ಲ. ಅವಳು ಅಲ್ಲೇ, ತಲೆಯ ಮೇಲೆ ನಿಂತ ಹಾಗೆ ನಿಂತಿದ್ದಳು. ಬರೆದು ಮುಗಿಸಿ ರುಜು ಹಾಕಿದಾಗ, ಓದಿ ಎಂದಳು.

ಓದಿದ. ಪುಸ್ತಕದಲ್ಲಿ ಒರೆಸಲು ಬರೆದವನು ನಾನು. ಮೇಣ ಹೋದದ್ದರಿಂದ ಪೈಪು ಬಿರಿಯಿತು. ಬರ್ನರಿನವರು ಹೇಳಿದ ಕೆಲಸ ಮಾಡಿದ್ದಾರೆ, ಅವರದು ತಪ್ಪಿಲ್ಲ. ಇಲ್ಲಿಯವರೆಗೆ ಮಾವ ಕಣ್ಣು ಮುಚ್ಚಿ ಕೇಳುತ್ತಿದ್ದ. ಬಿಗಿದಿದ್ದ ಮುಖ ಸಡಿಲವಾಗುತ್ತ ಬಂತು. ಹೋಗಲಿ ಬಿಡಿ ಸಾರ್, ತಪ್ಪು ಯಾರಿಗಿಲ್ಲ, ತಿಳೀದೆ ಆಗಿದ್ದು ಎಂದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಇನ್ನೊಂದು ಸಾಲು ಉಳಿದಿತ್ತು. ಅದನ್ನೂ ಓದಿದ: ಆ ಬಿಳಿ ಪೊರೆ ಕೊಳೆಯಲ್ಲ, ಮೇಣ, ತೆಗೆಯಬಾರದು ಎಂಬುದು ಬರೆಯುವಾಗಲೇ ನನಗೆ ಗೊತ್ತಿತ್ತು.

ಮಾವ ಕಣ್ಣು ಬಿಟ್ಟ.

“ಗೊತ್ತಿತ್ತಾ ಸಾರ್?”

“ಗೊತ್ತಿತ್ತು.”

ಮಾವ ಗೋಡೆಯ ಕಡೆ ಮುಖ ತಿರುಗಿಸಲು ನೋಡಿದ. ಕುತ್ತಿಗೆಯ ಕಟ್ಟು ಬಿಡಲಿಲ್ಲ. ಹೆಂಡತಿ ಬಂದು, ಒಂದು ಕೈಯನ್ನು ತಲೆಯಡಿಗೆ, ಇನ್ನೊಂದನ್ನು ಭುಜದಡಿಗೆ ಕೊಟ್ಟು, ನೋವಾಗದ ಹಾಗೆ ಮೆಲ್ಲಗೆ ಅವನನ್ನು ಆಚೆ ತಿರುಗಿಸಿ ಮಲಗಿಸಿದಳು.